ಕಂತು ಅಗ್ಗ, ಬೋರಮಾಳ ಒತ್ತಿ

ನಮ್ಮ ಕಡೆ ಗಂಡಸ್ರು ಎಮ್ಮಿ ತೊಗೊಳ್ಳಾಕ ಸಂತಿಗೆ ಹೋದ್ರ ಹಲ್ಲು ಎಣಿಸ್ತಾರ, ಕೆಚ್ಚಲ ಮುಟ್ಟಿ ನೋಡ್ತಾರ, ಒಂದು ಹೊತ್ತು ಹಿಂಡಿ ನೋಡದ ಸಂಚಕಾರ ಕೊಡೂದಿಲ್ಲ. ದ್ರಾಕ್ಷಿ ಪಡಕ್ಕ ಹೊಡಿಯೂ ಎಣ್ಣಿ ತರಾಕ ತಿಕೋಟಾದಾಗ ಮೂರು ಅಂಗಡಿ ತಿರುಗಿ ದರಾ ಕೇಳ್ತಾರ. ಮನಿ ಮಂದಿಗೆಲ್ಲಾ ಆರೋಗ್ಯ ವಿಮಾ ಮಾಡಿಸೂ ಹೊತ್ತಿನ್ಯಾಗ ಮಾತ್ರ ಅದ ಗಂಡಸ್ರು ಕೇಳೂದು ಒಂದ ಮಾತು: "ವರ್ಷಕ್ಕ ಎಷ್ಟು ತುಂಬಬೇಕೋ ತಮ್ಮಾ?" ಆ ತಮ್ಮ ಅಂದ್ರ ಏಜೆಂಟ, ಬೀಗರ ಪೈಕಿ ಹುಡುಗ. ಅಂವ ಮೂರು ಕಾಗದ ತೋರಸ್ತಾನ, ಇವರು ಕಡಿಮಿ ಅಂಕಿ ಇದ್ದ ಕಾಗದಕ್ಕ ಸಹಿ ಹಾಕ್ತಾರ, ಚಾ ಕುಡದು ಎದ್ದು ಹೋಗ್ತಾರ. ಕಪ್ಪು ಬಸಿ ತೊಳಿಯೂ ನಮ್ಮನ್ನ ಯಾರೂ ಕೇಳೂದಿಲ್ಲ.

ನನ್ನ ಜಗಳ ಇರೂದು ಆ ಪ್ರಶ್ನೆ ಜೋಡಿ. ವರ್ಷಕ್ಕ ಎಷ್ಟು ತುಂಬಬೇಕು ಅನ್ನೂದು ಎರಡನೇ ಪ್ರಶ್ನೆ. ಮೊದಲ ಕೇಳಬೇಕಾದ್ದು: ದವಾಖಾನ್ಯಾಗ ಮಲಗಿ, ಡಿಸ್ಚಾರ್ಜ್ ಆಗೂ ದಿವಸ ಪಾಲಿಸಿ ಕೊಟ್ಟಷ್ಟು ಕೊಟ್ಟ ಮ್ಯಾಲ ನಮ್ಮ ಕೈಯಿಂದ ಎಷ್ಟು ಹೋಗ್ತೈತಿ? ಇದನ್ನ ಯಾಕ ಹೆಣ್ಮಕ್ಕಳ ಕೇಳಬೇಕು ಅಂದ್ರ, ಆ ಕೈ ಬಹಳ ಸಲ ನಮ್ಮದ ಆಗಿರ್ತೈತಿ. ಅವತ್ತ ಹೊಲಾ ಮಾರಾಕ ಆಗೂದಿಲ್ಲ, ಬ್ಯಾಂಕಿನವರು ಮಧ್ಯಾಹ್ನದೊಳಗ ಸಾಲ ಕೊಡೂದಿಲ್ಲ. ಅರ್ಧಾ ತಾಸಿನ್ಯಾಗ ರೊಕ್ಕ ಆಗೂದು ನಮ್ಮ ಕೊಳ್ಳಾಗಿನ ಬೋರಮಾಳ, ಕೈಯಾಗಿನ ಪಾಟ್ಲಿ ಅಷ್ಟ. ಕಂಪನಿ ಕೈ ಬಿಟ್ಟ ರೊಕ್ಕಕ್ಕ ನಮ್ಮ ಬಂಗಾರನ ಜಾಮೀನು. ಪಾಲಿಸಿ ಮ್ಯಾಲ ಹೆಸರು ಗಂಡಂದು, ಕೊರತಿ ತುಂಬೂದು ಹೆಂಡ್ತಿ ತವರಿನ ಬಂಗಾರ. ಹಿಂಗಿದ್ದ ಮ್ಯಾಲ ಕಾಗದ ಓದೂ ಹಕ್ಕು ಯಾರಿಗೈತಿ, ನೀವ ಹೇಳ್ರಿ.

ಲೆಕ್ಕಾ ಇಲ್ಲದ ಬರೇ ಬೈದ್ರ ಜಗಳಗಂಟಿ ಅಂತೀರಿ. ಅದಕ್ಕ ನಮ್ಮ ಮನೀದ ಒಂದು ಬಿಲ್ಲು ಮುಂದ ಇಡ್ತೀನಿ. ಅಂಕಿಗೋಳನ್ನ ಸ್ವಲ್ಪ ದುಂಡಗ ಮಾಡೀನಿ, ತಿಳಿಯಾಕ ಹಗರ ಆಗ್ಲಿ ಅಂತ. ನಮ್ಮ ಮಾವನವರು ಬಚ್ಚಲದಾಗ ಜಾರಿ ಬಿದ್ದು ಸೊಂಟದ ಎಲುಬು ಮುರೀತು. ಐದು ದಿವಸ ದವಾಖಾನಿ, ಆಪರೇಷನ್, ಒಳಗ ರಾಡು. ಅವರ ಪಾಲಿಸಿ 3 ಲಕ್ಷದ್ದು. "ಮೂರು ಲಕ್ಷದ ಪಾಲಿಸಿ ಐತಿ, ಬಿಲ್ಲು ಎರಡರ ಒಳಗ ಐತಿ, ಚಿಂತಿಲ್ಲ" ಅಂತ ಎಲ್ಲಾರೂ ಅಂದ್ರು.

ಬಿಲ್ಲು ಹಿಂಗಿತ್ತು. ಖೋಲಿ ಬಾಡಿಗಿ ದಿನಕ್ಕ 5,000ದಂಗ 25,000. ಆಪರೇಷನ್, ಡಾಕ್ಟರ್, ನರ್ಸ್ ಎಲ್ಲಾ ಕೂಡಿ 1,20,000. ಔಷಧ ಮತ್ತ ರಾಡು 40,000. ಕೈಗವಸು, ಡೈಪರು, ಫೈಲ್ ಚಾರ್ಜು ಅಂತ ಚಿಲ್ಲರೆ 6,000. ಒಟ್ಟು 1,91,000.

ಈಗ ಪಾಲಿಸಿ ಒಳಗಿನ ಸಣ್ಣ ಅಕ್ಷರ ನೋಡ್ರಿ. ಖೋಲಿ ಬಾಡಿಗಿ ವಿಮಾ ಮೊತ್ತದ ನೂರಕ್ಕ ಒಂದು, ಅಂದ್ರ ದಿನಕ್ಕ 3,000 ತನಕ ಅಷ್ಟ. ನಾವು ಇದ್ದದ್ದು 5,000ದ ಖೋಲಿ. ನೀವು ಏನ್ ತಿಳಕೋತೀರಿ? ದಿನಕ್ಕ 2,000 ಹೆಚ್ಚಿಗಿ, ಐದು ದಿನಕ್ಕ 10,000 ನಾವು ಕೊಟ್ರ ಮುಗೀತು ಅಂತ. ಮುಗಿಯೂದಿಲ್ಲ! ಖೋಲಿ ಮಿತಿ ದಾಟಿದ್ರ ಆಪರೇಷನ್ನಿನ ಖರ್ಚು, ಡಾಕ್ಟರ್ ಫೀಯನ್ನೂ ಅದ ಪ್ರಮಾಣದಾಗ ಕಡೀತಾರ. ಐದರಾಗ ಮೂರು ಪಾಲು ಕಂಪನಿದು, ಎರಡು ಪಾಲು ನಮ್ಮದು. 1,20,000ದಾಗ 72,000 ಅಷ್ಟ ಲೆಕ್ಕಕ್ಕ ಬಂತು, 48,000 ನಮ್ಮ ತಲಿ ಮ್ಯಾಲ ಬಂತು. ಔಷಧಕ್ಕ, ರಾಡಿಗೆ ಈ ಕಡಿತ ಹಾಕಬಾರದು ಅಂತ ನಿಯಮ ಐತಿ, ಪುಣ್ಯಾ. ಹಂಗಾಗಿ ಕಂಪನಿ ಒಪ್ಪಿದ್ದು 15,000 ಮತ್ತ 72,000 ಮತ್ತ 40,000, ಒಟ್ಟು 1,27,000. ಅದರ ಮ್ಯಾಲ ಇನ್ನೊಂದು ಕೊಡ್ಲಿ ಪೆಟ್ಟು: ಕೋ-ಪೇ ನೂರಕ್ಕ 20. ಅಂದ್ರ ಒಪ್ಪಿದ ರೊಕ್ಕದಾಗೂ ಐದನೇ ಪಾಲು ರೋಗಿನ ಕೊಡಬೇಕು, 25,400. ಕಡೀಕ ಕಂಪನಿ ಕೊಟ್ಟಿದ್ದು 1,01,600. ನಮ್ಮ ಕೈಯಿಂದ 89,400.

ಮೂರು ಲಕ್ಷದ ಪಾಲಿಸಿ, ಎರಡು ಲಕ್ಷದೊಳಗಿನ ಬಿಲ್ಲು, ಹತ್ತರ ಹತ್ತರ ಅರ್ಧಾ ನಮ್ಮ ಮೈಮ್ಯಾಲ. ನಮ್ಮ ನೆಗೆಣ್ಣಿ ಬೋರಮಾಳ ಅವತ್ತ ಮಧ್ಯಾಹ್ನ ಒತ್ತಿ ಬಿತ್ತು. ಇನ್ನೂ ಬಿಡಿಸಿಲ್ಲ. ಏಜೆಂಟ ಹುಡುಗನ್ನ ಕೇಳಿದ್ರ, "ಅಕ್ಕಾರ, ಕಂತು ಕಡಿಮಿ ಬೇಕು ಅಂತ ನಿಮ್ಮವರ ಹೇಳಿದ್ರಲ್ಲ" ಅಂದ. ಅಂವ ಹೇಳಿದ್ದು ಸುಳ್ಳೇನಲ್ಲ, ಅದ ಹೊಟ್ಟಿಗೆ ಹತ್ತೂ ಮಾತು.

ಇದ ಬಿಲ್ಲಿಗೆ ಖೋಲಿ ಮಿತಿ ಇಲ್ಲದ, ಕೋ-ಪೇ ಇಲ್ಲದ ಪಾಲಿಸಿ ಇದ್ದಿದ್ರ ನಮ್ಮ ಕೈಯಿಂದ ಹೋಗೂದು ಆ ಚಿಲ್ಲರೆ 6,000 ಅಷ್ಟ. ಅಂಥಾ ಪಾಲಿಸಿ ಕಂತು ವರ್ಷಕ್ಕ 6,000 ಹೆಚ್ಚಿಗಿ ಐತಿ ಅಂತ ಹಿಡೀರಿ. ಉಳಿಯೂದು 83,400. ಹದಿನಾಲ್ಕು ವರ್ಷ ಹತ್ತರ ಹತ್ತರ ಆ ಹೆಚ್ಚಿನ ಕಂತು ತುಂಬಿದ್ರ ಎಷ್ಟಾಗ್ತೈತೋ ಅಷ್ಟು ಒಂದ ಸಲ ಜಾರಿ ಬಿದ್ದದ್ದಕ್ಕ ಹೋತು. ಗಂಡಸ್ರು ಉಳಿಸೀನಿ ಅಂತ ಮೀಸಿ ತಿರುವೂ ರೊಕ್ಕ ಇದ.

ಹಂಗಂತ ಎಲ್ಲಾರೂ ತುಟ್ಟಿ ಪಾಲಿಸಿ ತೊಗೊಳ್ರಿ ಅಂತ ನಾ ಹೇಳೂದಿಲ್ಲ. ವರ್ಷಕ್ಕ ಆರು ಸಾವಿರ ಅಂದ್ರ ಕೆಲವು ಮನಿಗೆ ಎರಡು ತಿಂಗಳ ಸಂತಿ. ಅಂಥವರು ಅಗ್ಗದ್ದನ್ನ ತೊಗೊಳ್ರಿ, ಆದ್ರ ಮಿತಿ ಎಷ್ಟು ಅಂತ ಕಾಗದದ ಮ್ಯಾಲ ದಪ್ಪ ಅಕ್ಷರದಾಗ ಬರದಿಟ್ಟು, ದವಾಖಾನ್ಯಾಗ ಆ ಮಿತಿಯೊಳಗಿನ ಖೋಲಿನ ಕೇಳ್ರಿ. ಮಾವನವರನ್ನ 3,000ದ ಖೋಲ್ಯಾಗ ಮಲಗಿಸಿದ್ರ ಎಲುಬು ಕೂಡಲಾರದ ಇರ್ತಿರಲಿಲ್ಲ.

ಇನ್ನ ಸರಕಾರದ ಕಾರ್ಡಿನ ಮಾತು. "ನಮಗ ಆಯುಷ್ಮಾನ್ ಕಾರ್ಡ್ ಐತಿ, ಐದು ಲಕ್ಷ ಫ್ರೀ" ಅಂತ ಕುಂತವರು ಓಣಿ ತುಂಬ ಅದಾರ. ಬಿಪಿಎಲ್ ಮನಿಗೆ ಖರೇ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ಮನಿ ಮಂದಿಗೆಲ್ಲಾ ಕೂಡಿ ವರ್ಷಕ್ಕ 5 ಲಕ್ಷ ತನಕ. ಎಪಿಎಲ್ ಕಾರ್ಡಿನವರಿಗೆ ಹಂಗಲ್ಲ. ಪ್ಯಾಕೇಜ್ ದರದ ನೂರಕ್ಕ 30 ಅಷ್ಟ ಸರಕಾರದ್ದು, ಅದೂ ವರ್ಷಕ್ಕ ಒಂದೂವರೆ ಲಕ್ಷದ ಒಳಗ. ಒಂದು ಲಕ್ಷದ ಪ್ಯಾಕೇಜಿನ್ಯಾಗ 70,000 ನಿಮ್ಮದು. ಎರಡೂ ಕಾರ್ಡು ನೋಡಾಕ ಒಂದ ಥರಾ, ಕಿಸೆಕ್ಕ ಬೀಳೂ ತೂತು ಬ್ಯಾರೆ ಬ್ಯಾರೆ. ಮತ್ತ ಎಮರ್ಜನ್ಸಿ ಇಲ್ಲಂದ್ರ ಸೀದಾ ಖಾಸಗಿ ದವಾಖಾನಿಗೆ ಹೋಗಿ ಕಾರ್ಡ್ ತೋರಿಸಿದ್ರ ನಡಿಯೂದಿಲ್ಲ, ಸರಕಾರಿ ದವಾಖಾನಿ ರೆಫರಲ್ ಚೀಟಿ ಬೇಕು. ಕೌಂಟರಿನ್ಯಾಗ ಆರೋಗ್ಯಮಿತ್ರ ಅಂತ ಒಬ್ಬರು ಕುಂತಿರ್ತಾರ, ದಾಖಲ ಆಗೂಕ್ಕಿಂತ ಮೊದಲ ಅವರ ಹಂತೇಕ ಹೋಗಿ ನಿಮ್ಮ ಕಾರ್ಡಿಗೆ ಏನ್ ಸಿಗ್ತೈತಿ ಅಂತ ಕೇಳ್ರಿ. ಡಿಸ್ಚಾರ್ಜ್ ದಿವಸ ಕೇಳಿದ್ರ ಉಪಯೋಗಿಲ್ಲ.

ನಮ್ಮ ಬಬಲೇಶ್ವರ, ತಿಕೋಟಾ ಕಡೆ ಸೊಸೈಟಿ ಮೆಂಬರ್ ಇರಲಾರದ ರೈತರ ಮನಿ ಹುಡುಕಿದ್ರೂ ಸಿಗೂದು ಕಡಿಮಿ. ಅವರು ಯಶಸ್ವಿನಿ ಯಾಕ ಮರೀತೀರಿ? 2003ರಾಗ ಸುರು ಆದಾಗ ತಿಂಗಳಿಗೆ ಐದು ರೂಪಾಯಿದ ಮಾತು ಅದು. ನಡುವ 2018ರಾಗ ನಿಂತು, ಹೊಳ್ಳಿ 2023ರ ಜನವರಿಯಿಂದ ಚಾಲೂ ಆತು. ಹಳ್ಳಿ ಸೊಸೈಟಿ ಮೆಂಬರ್ ಮನಿಯೊಳಗ ನಾಲ್ಕು ಮಂದಿಗೆ ಕೂಡಿ ವರ್ಷಕ್ಕ 500 ರೂಪಾಯಿ, ಮ್ಯಾಲಿನ ಒಬ್ಬೊಬ್ಬರಿಗೆ ನೂರು ಅಂತ ಇಟ್ರು. ಪ್ಯಾಟಿ ಸೊಸೈಟಿದವರಿಗೆ ಸಾವಿರ, ಎರಡು ನೂರು. ಮನಿಗೆ 5 ಲಕ್ಷ ತನಕ, ಪಟ್ಟಿಯೊಳಗಿನ ಚಿಕಿತ್ಸೆಗೆ, ಜನರಲ್ ವಾರ್ಡಿನ್ಯಾಗ. ಎಣ್ಣಿ ಡಬ್ಬಿ ಒಂದರ ರೊಕ್ಕಕ್ಕ ಇಷ್ಟು ಯಾರು ಕೊಡ್ತಾರ? ಆದ್ರ ಹೆಸರು ಬರಸೂ ಹೊತ್ತಿಗೆ ಏನಾಗ್ತೈತಿ ಅಂದ್ರ, ನಾಲ್ಕರ ಒಳಗ ಮುಗಿಸಬೇಕು ಅಂತ ಮನಿ ಹಿರೇ ಹೆಣ್ಮಗಳ ಹೆಸರು ಬಿಡ್ತಾರ. ಆಯಿ ಹೆಸರು ಇಲ್ಲ, ಗಂಡ ಸತ್ತ ಅತ್ತಿ ಹೆಸರು ಇಲ್ಲ. ನೂರು ರೂಪಾಯಿ ಉಳೀತು! ಹೆಸರು ಬರಿಸಿದ ಪಾವತಿ ತರಸ್ಕೊಂಡು ಒಂದು ಸಲ ಎಣಿಸ್ರಿ, ನಿಮ್ಮ ಹೆಸರರ ಅದರಾಗ ಐತೇನು ನೋಡ್ರಿ.

ನಮ್ಮ ಅಬಚಿ ಮಗಳು ಅಮೇರಿಕಾದಾಗ ಅದಾಳ, ಅಕಿ ಅತ್ತಿ ಮಾವ ಅಲ್ಲೇ ವಯಸ್ಸಾದವರು. ಫೋನಿನ್ಯಾಗ ಇದ ಮಾತು ಬಂದಾಗ ಅಕಿ ಹೇಳಿದ್ದು ಕೇಳಿ ನನಗ ಹೊಟ್ಟಿಕಿಚ್ಚ ಆತು. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರಕಾರದ ವಿಮಾ, 1965ರ ಕಾಯ್ದೆದ್ದು. ಅದೂ ಪೂರಾ ಬಿಲ್ಲು ಕೊಡೂದಿಲ್ಲ, ಡಾಕ್ಟರ್ ಖರ್ಚಿನ್ಯಾಗ ಸಾಮಾನ್ಯವಾಗಿ ನೂರಕ್ಕ 20 ರೋಗಿ ಮ್ಯಾಲ ಬೀಳ್ತೈತಿ. ಆ ತೂತು ಮುಚ್ಚಾಕ ಮೆಡಿಗ್ಯಾಪ್ ಅಂತ ಖಾಸಗಿ ಕಂಪನಿಗಳ ಪೂರಕ ವಿಮಾ. ಅವಕ್ಕ ಅಕ್ಷರದ ಹೆಸರು, ಪ್ಲಾನ್ ಜಿ, ಪ್ಲಾನ್ ಎನ್ ಅಂತ. 1992ರಿಂದ ಹೆಚ್ಚಿನ ರಾಜ್ಯದಾಗ ನಿಯಮ ಏನಂದ್ರ, ಒಂದ ಅಕ್ಷರದ ಪ್ಲಾನು ಯಾವ ಕಂಪನಿ ಮಾರಿದ್ರೂ ಒಳಗಿನ ಸವಲತ್ತು ಒಂದ ಇರಬೇಕು. ಎನ್ ತೊಗೊಂಡ್ರ ಸಾಮಾನ್ಯವಾಗಿ ಕಂತು ಕಡಿಮಿ, ಆದ್ರ ಡಾಕ್ಟರ್ ಹಂತೇಕ ಹೋದಾಗ 20 ಡಾಲರ್ ತನಕ, ಎಮರ್ಜನ್ಸಿಗೆ ಹೋದಾಗ 50 ಡಾಲರ್ ತನಕ ಕೈಯಿಂದ ಕೊಡಬೇಕು ಅಂತ ಮೊದಲ ಗೊತ್ತಿರ್ತೈತಿ. ಅಲ್ಲಿ "ಜಿ ಪ್ಲಾನಿಗೆ ಯಾರದ್ದು ಅಗ್ಗ?" ಅಂತ ಕೇಳೂದ್ರಾಗ ಅರ್ಥ ಐತಿ. ಜ್ವಾಳಕ್ಕ ಜ್ವಾಳ ತೂಗಿದಂಗ. ಇಲ್ಲಿ ನಾವು ಒಂದು ತಕ್ಕಡ್ಯಾಗ ಜ್ವಾಳ, ಇನ್ನೊಂದ್ರಾಗ ಹೊಟ್ಟು ಇಟ್ಟು ಯಾವುದು ಅಗ್ಗ ಅಂತ ಕೇಳ್ತೀವಿ.

ನಮ್ಮ ದೇಶದಾಗೂ ಅಂಥಾದ್ದೊಂದು ಐತಿ, ಅದನ್ನ ನಮ್ಮ ಏಜೆಂಟ ಹುಡುಗ ಒಮ್ಮೆನೂ ಬಾಯಿ ಬಿಟ್ಟು ಹೇಳಲಿಲ್ಲ. ಆರೋಗ್ಯ ಸಂಜೀವಿನಿ ಅಂತ ಅದರ ಹೆಸರು. ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್ ಒಂದರಿಂದ ಕಂಪನಿಗಳಿಗೆ ಕಡ್ಡಾಯ ಮಾಡಿದ ಪಾಲಿಸಿ. ಕಂಪನಿ ಯಾವುದರ ಇರಲಿ, ಹೆಸರೂ ಅದ, ಕರಾರೂ ಅದ, ಕಂತು ಅಷ್ಟ ಬ್ಯಾರೆ. ಖೋಲಿ ಬಾಡಿಗಿ ವಿಮಾ ಮೊತ್ತದ ನೂರಕ್ಕ ಎರಡು, ದಿನಕ್ಕ 5,000 ಮೀರದಂಗ. ಐಸಿಯುಕ್ಕ ನೂರಕ್ಕ ಐದು, 10,000 ಮೀರದಂಗ. ಕೋ-ಪೇ ನೂರಕ್ಕ 5. ಕಣ್ಣಿನ ಪರಿ ತೆಗಿಸಿದ್ರ ಒಂದು ಕಣ್ಣಿಗೆ ಮೊತ್ತದ ಕಾಲು ಭಾಗ ಇಲ್ಲಾ 40,000, ಯಾವುದು ಕಡಿಮಿನೋ ಅದು. ನಮ್ಮ ಮಾವನವರ ಬಿಲ್ಲಿಗೆ ಇದನ್ನ ಹಚ್ಚಿ ನೋಡಿದೆ. ಖೋಲಿ ಮಿತಿಯೊಳಗ ಬಂತು, ಕೋ-ಪೇ 9,250, ಚಿಲ್ಲರೆ 6,000. ಕೈಯಿಂದ 15,250. ಎಂಬತ್ತೊಂಬತ್ತು ಸಾವಿರ ಎಲ್ಲಿ, ಹದಿನೈದು ಎಲ್ಲಿ. ಇದು ಎಲ್ಲಾಕ್ಕಿಂತ ಛಲೋ ಪಾಲಿಸಿ ಅಂತ ನಾ ಹೇಳಾಕತ್ತಿಲ್ಲ, ದೊಡ್ಡ ಆಪರೇಷನ್ನಿಗೆ ಮೊತ್ತ ಸಣ್ಣದಾಗ್ತೈತಿ. ಆದ್ರ ಅಳಿಯಾಕ ಒಂದು ಗಜಕಡ್ಡಿ ಸಿಕ್ಕಂಗ ಆತು. ಏಜೆಂಟ ಯಾವ ಕಾಗದ ತಂದ್ರೂ, "ಇದು ಸಂಜೀವಿನಿಕ್ಕಿಂತ ಎಲ್ಲಿ ಛಲೋ, ಎಲ್ಲಿ ಕಡಿಮಿ, ಹೇಳಪ್ಪಾ" ಅನ್ರಿ. ಅಂವನ ಮಾರಿ ನೋಡಿದ್ರ ಅರ್ಧಾ ತಿಳೀತೈತಿ.

ಪೂರಕ ವಿಮಾ ಅಂದ್ರ ನಮ್ಮಲ್ಲಿ ಟಾಪ್-ಅಪ್ ಮತ್ತ ಸೂಪರ್ ಟಾಪ್-ಅಪ್. ಹೆಸರಿನ್ಯಾಗ ಒಂದ ಶಬ್ದ ಹೆಚ್ಚಿಗಿ, ಆದ್ರ ಭಾಳ ಅಂತರ ಐತಿ. ಎರಡರಾಗೂ ಒಂದು ಹೊಸ್ತಿಲ ಇರ್ತೈತಿ, 3 ಲಕ್ಷ ಅನ್ರಿ, ಅದರ ಮ್ಯಾಲಿಂದು ಅಷ್ಟ ಅವರು ಕೊಡೂದು. ಕೆಳಗಿಂದು ನಿಮ್ಮ ಮೊದಲಿನ ಪಾಲಿಸಿ ಇಲ್ಲಾ ನಿಮ್ಮ ಕೈ. ಒಂದ ವರ್ಷದಾಗ ಎರಡು ಸಲ ದವಾಖಾನಿ ಆತು, ಎರಡೂವರೆ ಎರಡೂವರೆ ಲಕ್ಷದ ಬಿಲ್ಲು ಅಂತ ಹಿಡೀರಿ. ಸಾದಾ ಟಾಪ್-ಅಪ್ ಒಂದೊಂದ ಬಿಲ್ಲು ಬ್ಯಾರೆ ನೋಡ್ತೈತಿ, ಯಾವುದೂ ಹೊಸ್ತಿಲ ದಾಟಲಿಲ್ಲ, ಒಂದು ಪೈ ಇಲ್ಲ. ಸೂಪರ್ ಟಾಪ್-ಅಪ್ ವರ್ಷದ್ದು ಕೂಡಿಸಿ ಐದು ಲಕ್ಷ ಅಂತ ನೋಡಿ 2 ಲಕ್ಷ ಕೊಡ್ತೈತಿ. ಗಂಡನ ಆಫೀಸಿನ ವಿಮಾ ಮೂರು ಲಕ್ಷದ್ದು ಐತಿ ಅನ್ನೂ ಮನಿಗೆ ಇದು ಹೊಂದತೈತಿ. ಖೋಲಿ ಮಿತಿ, ಕೋ-ಪೇ ಇದರಾಗೂ ಇರಬಹುದು, ಅದನ್ನೂ ಕೇಳ್ರಿ.

ಹೆಣ್ಮಕ್ಕಳಿಗೆ ಅಂತ ಒಂದು ಮಾತು ಬ್ಯಾರೆ ಹೇಳಬೇಕು. ಗರ್ಭಚೀಲ ತೆಗಿಸೂದು, ಕಣ್ಣಿನ ಪರಿ, ಹರ್ನಿಯಾ, ಇಂಥಾವಕ್ಕೆಲ್ಲಾ ಹೆಚ್ಚಿನ ಪಾಲಿಸ್ಯಾಗ ಎರಡು ವರ್ಷ ಕಾಯಬೇಕು. ಮೊದಲ ಇದ್ದ ಸಕ್ಕರಿ, ಬಿಪಿಗೆ 2024ರ ಏಪ್ರಿಲ್‌ದಿಂದ ಹೆಚ್ಚಂದ್ರ ಮೂರು ವರ್ಷ, ಮೊದಲ ನಾಲ್ಕು ಇತ್ತು. ನಮ್ಮವರು ಏನ್ ಮಾಡ್ತಾರ? ತಿಂಗಳಗಟ್ಟಲೆ ರಕ್ತ ಹೋಗಿ, ಡಾಕ್ಟರ್ ಆಪರೇಷನ್ ಅಂದ ಮ್ಯಾಲ ಅಕಿ ಹೆಸರಿಗೆ ಪಾಲಿಸಿ ಹುಡುಕಾಕ ಹೊಂಡ್ತಾರ. ಮಳಿ ಬಂದ ಮ್ಯಾಲ ಹೊದಿಕಿ ಹುಡುಕಿದಂಗ. ಮತ್ತ ಕೆಲವರು "ಸಕ್ಕರಿ ಐತಿ ಅಂತ ಬರೀಬ್ಯಾಡ್ರಿ, ಕಂತು ಹೆಚ್ಚಿಗಿ ಆಗ್ತೈತಿ" ಅಂತ ಹೇಳಿಕೊಡ್ತಾರ. ಅದು ಅವರ ಕಮಿಷನ್ನಿಗೆ ಛಲೋ, ನಿಮ್ಮ ಕ್ಲೇಮಿಗೆ ಮಣ್ಣು. ಇದ್ದದ್ದು ಇದ್ದಂಗ ಬರಸ್ರಿ.

"65 ದಾಟೈತಿ, ಅತ್ತಿಗೆ ಯಾರು ಪಾಲಿಸಿ ಕೊಡ್ತಾರ" ಅನ್ನೂ ಮಾತೂ ಈಗ ನಡಿಯೂದಿಲ್ಲ. ವಯಸ್ಸಿನ ಆ ಅಡ್ಡಗ್ವಾಡಿ 2024ರಾಗ ತಗದಾರ. 60 ದಾಟಿದವರ ಕಂತು ಒಂದ ವರ್ಷಕ್ಕ ನೂರಕ್ಕ 10ಕ್ಕಿಂತ ಹೆಚ್ಚಿಗಿ ಏರಿಸಬೇಕಂದ್ರ ಕಂಪನಿ ಪ್ರಾಧಿಕಾರವನ್ನ ಮೊದಲ ಕೇಳಬೇಕು, ಇದು 2025ರ ಜನವರಿದ್ದು. 2025ರ ಸಪ್ಟೆಂಬರ್ 22ರಿಂದ ಸ್ವಂತಕ್ಕ, ಮನಿ ಮಂದಿಗೆ ತೊಗೊಳ್ಳೂ ಆರೋಗ್ಯ ಪಾಲಿಸಿಗೆ ಇದ್ದ ನೂರಕ್ಕ 18ರ ಜಿಎಸ್‌ಟಿನೂ ಇಲ್ಲ. ಯಾರರ ಅದನ್ನ ಕೂಡಿಸಿ ರೊಕ್ಕ ಕೇಳಿದ್ರ ರಸೀದಿ ಬೇಡ್ರಿ. ಅತ್ತಿನ ಮಕ್ಕಳ ಪಾಲಿಸಿ ಒಳಗ ತುರುಕಬ್ಯಾಡ್ರಿ, ಮನಿ ಮಂದಿಗೆ ಕೂಡಿ ಮಾಡಿಸೂ ಪಾಲಿಸಿ ಕಂತನ್ನ ಸಾಮಾನ್ಯವಾಗಿ ಎಲ್ಲಾರಿಗಿಂತ ಹಿರಿಯರ ವಯಸ್ಸು ನೋಡಿ ಹಾಕ್ತಾರ. ಅಕಿದು ಬ್ಯಾರೆ ಮಾಡಿಸ್ರಿ.

ನನ್ನ ಜೋಡಿ ವಾದಾ ಮಾಡಾಕ ಬರೂ ಹಿರಿಯರದ್ದು ಒಂದು ಮಾತು ಐತಿ: "ವಿಮಾ ಕಂತು ತುಂಬೂ ರೊಕ್ಕದಾಗ ವರ್ಷಾ ಗುಂಜಿ ಗುಂಜಿ ಬಂಗಾರ ಮಾಡಿಸಿದ್ರ ಆತು, ಕಷ್ಟಕ್ಕ ಅದ ಆಗ್ತೈತಿ." ಈ ಮಾತಿಗೆ ನಾ ನಗೂದಿಲ್ಲ. ನಮ್ಮ ಅವ್ವಗೋಳು ಬರಗಾಲ ದಾಟಿದ್ದು ಅದರ ಮ್ಯಾಲ. ಬಂಗಾರಕ್ಕ ಸಣ್ಣ ಅಕ್ಷರ ಇಲ್ಲ, ಕಾಯೂ ಅವಧಿ ಇಲ್ಲ. ಆದ್ರ ಅದು ಯಾರ ಬಂಗಾರ, ಯಾರ ಕಷ್ಟಕ್ಕ ಕರಗಿತು ಅಂತ ಒಂದು ಸಲ ಬರದು ನೋಡ್ರಿ. ಮಾವನ ಸೊಂಟಕ್ಕ ನೆಗೆಣ್ಣಿ ಬೋರಮಾಳ. ಮೈದುನನ ಅಪಘಾತಕ್ಕ ವೈನಿ ಪಾಟ್ಲಿ. ನಾಳಿಗೆ ಅದ ವೈನಿ ಗರ್ಭಚೀಲಕ್ಕ ಗಡ್ಡಿ ಬಂದಾಗ ತಿಜೋರಿ ಖಾಲಿ, "ಸದ್ಯಕ್ಕ ಗುಳಗಿ ಮ್ಯಾಲ ತಳ್ಳು" ಅಂತಾರ. ಬಂಗಾರ ಆಪತ್ತಿಗೆ ಆಗ್ತೈತಿ ಅನ್ನೂದು ಖರೇ, ಅದು ಹಾಕ್ಕೊಂಡಾಕಿ ಆಪತ್ತಿಗೆ ಉಳಿಯೂದಿಲ್ಲ ಅನ್ನೂದೂ ಖರೇ.

ಇನ್ನ ಕೆಲವರು, "ನಮಗ ಓದಾಕ ಬರೂದಿಲ್ಲವ್ವಾ, ಇಂಗ್ಲಿಷ್‌ನ್ಯಾಗ ಇರ್ತೈತಿ" ಅಂತೀರಿ. 2024ರ ಜನವರಿ ಒಂದರಿಂದ ಪ್ರತಿ ಪಾಲಿಸಿ ಜೋಡಿ ಒಂದು ಮಾಹಿತಿ ಹಾಳಿ ಕೊಡಬೇಕು. ಖೋಲಿ ಮಿತಿ, ಕೋ-ಪೇ, ಕಾಯೂ ಅವಧಿ, ಕೊಡಲಾರದ್ದು ಯಾವುದು, ಎಲ್ಲಾ ಸಾದಾ ಭಾಷಾದಾಗ. ಕೇಳಿದವರಿಗೆ ಅವರ ಭಾಷಾದಾಗನ ಕೊಡಬೇಕು ಅಂತನೂ ಐತಿ. ಕನ್ನಡದಾಗ ಕೊಡ್ರಿ ಅಂತ ಎಷ್ಟು ಮಂದಿ ಕೇಳೇವಿ? ಕೇಳಲಾರದ್ದಕ್ಕ ಅವರು ಕೊಡೂದಿಲ್ಲ, ಕೊಡಲಾರದ್ದಕ್ಕ ನಾವು ಓದೂದಿಲ್ಲ. ಪಾಲಿಸಿ ಕೈಗೆ ಬಂದ ಮ್ಯಾಲ 30 ದಿವಸ ಟೈಮ್ ಐತಿ, ಸರಿ ಅನಿಸಲಿಲ್ಲಂದ್ರ ಹೊಳ್ಳಿ ಕೊಟ್ರ ಸಣ್ಣ ಪುಟ್ಟ ಕಡಿತ ಬಿಟ್ಟು ರೊಕ್ಕ ವಾಪಸ್. ಹಳೇ ಪಾಲಿಸಿ ಇದ್ದವರು ಬ್ಯಾರೆ ಕಂಪನಿಗೆ ಹೋಗಬೇಕಂದ್ರ ಕಂತಿನ ತಾರೀಖಿಗಿಂತ 45 ದಿವಸ ಮೊದಲ ಅರ್ಜಿ ಹಾಕ್ರಿ, ಕಾದ ವರ್ಷಗೋಳು ಹಾಳಾಗೂದಿಲ್ಲ. ಮಾರ್ಚ್ ಕಡೀ ವಾರದಾಗ ತೆರಿಗಿ ಉಳಸಾಕ ಗಡಿಬಿಡಿಲೇ ಸಹಿ ಹಾಕೂ ಗಂಡಂದಿರಿಗೆ ಈ ಯಾವುದೂ ಗೊತ್ತಿರೂದಿಲ್ಲ. ಅದರಾಗ ಹೊಸಾ ತೆರಿಗಿ ಪದ್ಧತಿಯೊಳಗ ಕಂತಿನ ಆ ರಿಯಾಯ್ತಿನ ಇಲ್ಲ, ಅದೂ ಭಾಳ ಮಂದಿಗೆ ಗೊತ್ತಿಲ್ಲ.

ಕ್ಲೇಮಿನ್ಯಾಗ ಅನ್ಯಾಯ ಆತು ಅನಿಸಿದ್ರ ಮೊದಲ ಕಂಪನಿಗೆ ಬರದು ಕೊಡ್ರಿ. ಒಂದು ತಿಂಗಳದಾಗ ಉತ್ತರ ಬರಲಿಲ್ಲ, ಇಲ್ಲಾ ಬಂದ ಉತ್ತರ ಒಪ್ಪಿಗಿ ಇಲ್ಲಂದ್ರ ಬೆಂಗಳೂರಿನ ವಿಮಾ ಲೋಕಪಾಲರಿಗೆ ಅರ್ಜಿ. ಫೀ ಇಲ್ಲ, ವಕೀಲರು ಬೇಕಿಲ್ಲ. ನಮ್ಮ ನೆಗೆಣ್ಣಿ ಮಗಳು ಔಷಧದ ಬಾಬ್ತಿನ್ಯಾಗ ಕಂಪನಿ ಹೆಚ್ಚಿಗಿ ಏನರ ಕಡದೈತೇನು ಅಂತ ಬಿಲ್ಲಿನ ಒಂದೊಂದ ಸಾಲು ನೋಡಾಕತ್ತಾಳ. ಓದಿದ ಹುಡುಗಿ, ಬಿಡೂದಿಲ್ಲ.

ಬರೂ ಆಯಿತವಾರ ಮಧ್ಯಾಹ್ನ ಊಟಾ ಆದ ಮ್ಯಾಲ ನಮ್ಮ ಪಡಸಾಲ್ಯಾಗ ಕೂಡೂಣು. ತಿಜೋರಿಯೊಳಗ ಗಂಡಂದಿರ ಕಾಗದದ ಕಟ್ಟಿನ ಕೆಳಗ ಪಾಲಿಸಿ ಇರ್ತೈತಿ, ಕಾರ್ಡು, ಯಶಸ್ವಿನಿ ಪಾವತಿನೂ ಅಲ್ಲೇ ಇರ್ತಾವ, ಎಲ್ಲಾ ತೊಗೊಂಡು ಬರ್ರಿ. ಚಾಳಿಸ ಮರೀಬ್ಯಾಡ್ರಿ, ಅಕ್ಷರ ಭಾಳ ಸಣ್ಣು.